ಕಿವಿ ಮಂದವಾದರೆ ನರ್ಸಿನ ಕೆಲಸದ ಬಾಗಿಲು ಮುಚ್ಚಬೇಕೇ?

(ಪುಣೆಯಲ್ಲಿ ನಮ್ಮ ಸಂಘದ ಸದಸ್ಯರ ಹಾಗೂ ಅವರ ಕುಟುಂಬದವರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾವು ಪಗಾರದ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಎತ್ತಿಕೊಂಡಿಲ್ಲ. ಅವು ಮುಂದಿನ ಸಭೆಗೆ ಇದ್ದೇ ಇವೆ. ಹೋಟೆಲಿನ ಬಂಧುಗಳು ಮಧ್ಯಾಹ್ನದ ಬಿಡುವು ಮುಗಿಯುವುದರೊಳಗೆ ಕೆಲಸಕ್ಕೆ ಹಿಂತಿರುಗಬೇಕು. ರಾತ್ರಿ ಪಾಳಿಯವರು ಒಂದಿಷ್ಟು ನಿದ್ದೆಯನ್ನಾದರೂ ಮಾಡಬೇಕು. ಆದ್ದರಿಂದ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇವೆ. ಕಿವಿ ಮಂದವಾಗಿರುವ ನಮ್ಮ ಹುಡುಗಿಯೊಬ್ಬಳು ನರ್ಸ್ ಆಗಬೇಕೆಂದರೆ ಆಗಬಹುದೇ, ಆಗಬಾರದೇ? ಇದೇ ಇಂದಿನ ಪ್ರಶ್ನೆ.

ಇದು ಒಂದು ಮನೆಯ ಪ್ರಶ್ನೆ ಎಂದು ಯಾರೂ ತಳ್ಳಿಹಾಕಬಾರದು. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲಿಗೆ ಬಂದವರಿರಲಿ, ವಿಜಾಪುರ, ಕಲಬುರ್ಗಿ, ಸೊಲ್ಲಾಪುರದ ಕಡೆಯಿಂದ ಗಿರಣಿಗೆ ಬಂದವರಿರಲಿ, ನಮ್ಮ ಹೆಣ್ಣುಮಕ್ಕಳಿಗೆ ಮರ್ಯಾದೆಯ ಅನ್ನ ಕೊಡುವ ವಿದ್ಯೆಗಳಲ್ಲಿ ನರ್ಸಿಂಗ್ ಒಂದು. ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ಎಂದು ಮೂರು ಮೆಟ್ಟಿಲುಗಳಿವೆ. ಮನೆಯ ಶಕ್ತಿಗೆ ತಕ್ಕ ಮೆಟ್ಟಿಲನ್ನು ಹತ್ತಬಹುದು. ಈ ಬಾಗಿಲು ಒಬ್ಬಳಿಗೆ ಮುಚ್ಚಿತೆಂದರೆ ಆ ಮನೆಯ ಮುಂದಿನ ತಲೆಮಾರಿನ ಬಾಗಿಲೂ ಅರ್ಧ ಮುಚ್ಚಿದ ಹಾಗೆಯೇ.

ಕೆಲವು ದಿನಗಳ ಹಿಂದೆ ನಮ್ಮ ಸದಸ್ಯರೊಬ್ಬರು ಸಂಘಕ್ಕೆ ಬಂದರು. ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತು ದೋಸೆ ಹುಯ್ದವರು. ಅವರ ಮಗಳು ಹನ್ನೆರಡನೆಯ ತರಗತಿ ಪಾಸಾಗಿದ್ದಾಳೆ. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಎರಡೂ ಕಿವಿ ಮಂದವಾಗಿವೆ. ಮಿಷನ್ ಹಾಕಿಕೊಂಡರೆ ಎದುರಿಗೆ ಕುಳಿತವರ ಮಾತು ಚೆನ್ನಾಗಿ ತಿಳಿಯುತ್ತದೆ. ಹುಡುಗಿ ನರ್ಸಿಂಗ್‌ಗೆ ಅರ್ಜಿ ಹಾಕಿದಳು. ಒಂದು ಕಾಲೇಜಿನಲ್ಲಿ ತಪಾಸಣೆ ಮಾಡಿದವರು ಕಾಗದದ ಮೇಲೆ ‘ಅನ್‌ಫಿಟ್’ ಎಂಬ ಒಂದೇ ಶಬ್ದ ಬರೆದು ಕೈಗೆ ಕೊಟ್ಟರು. ಏಕೆ, ಯಾವ ಕೆಲಸಕ್ಕೆ, ಎಷ್ಟರ ಮಟ್ಟಿಗೆ ಎಂದು ಏನೂ ಬರೆಯಲಿಲ್ಲ. ಮನೆಯಲ್ಲಿ ಎರಡು ಅಭಿಪ್ರಾಯ ಹುಟ್ಟಿತು. ತಾಯಿ, “ಬೇರೆ ಕಾಲೇಜಿಗೆ ಹೋಗುವಾಗ ಮಿಷನ್ ತೆಗೆದಿಡು, ಕೂದಲು ಇಳಿಬಿಡು, ಯಾರಿಗೂ ಹೇಳಬೇಡ” ಎಂದರು. ಸೋದರಮಾವ, “ಓದು ಸಾಕು, ಒಳ್ಳೆಯ ಗಂಡು ನೋಡಿ ಕೊಟ್ಟುಬಿಡೋಣ” ಎಂದರು. ತಂದೆ ನಮ್ಮನ್ನು ಕೇಳಿದರು: “ನೀವು ನಾಲ್ಕು ಕಡೆ ತಿರುಗಿದವರು. ಯಾವುದು ಸರಿ ಹೇಳಿ.”

ನಮ್ಮ ಉತ್ತರ: ಎರಡೂ ಸರಿಯಲ್ಲ. ಮುಚ್ಚಿಡುವುದೂ ಬೇಡ, ಬಿಟ್ಟುಕೊಡುವುದೂ ಬೇಡ. ಹೀಗೇಕೆ ಹೇಳುತ್ತೇವೆಂಬುದನ್ನು ಒಂದೊಂದಾಗಿ ಬಿಡಿಸುತ್ತೇವೆ.

ಮೊದಲು ಕಿವಿ ಮಂದ ಎಂದರೇನೆಂದು ತಿಳಿಯಬೇಕು. ನಮ್ಮಲ್ಲಿ ‘ಕಿವುಡು’ ಎಂಬ ಒಂದೇ ಶಬ್ದದಲ್ಲಿ ಎಲ್ಲವನ್ನೂ ಕಟ್ಟಿಹಾಕುತ್ತೇವೆ. ಆದರೆ ಬಡತನದಲ್ಲಿ ಹೇಗೆ ನೂರು ಬಗೆಯೋ ಇದರಲ್ಲಿಯೂ ಹಾಗೆಯೇ. ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಕಿವಿ ಕೇಳಬೇಕಾದರೆ ಶಬ್ದ ಎಷ್ಟು ದೊಡ್ಡದಾಗಬೇಕೆಂಬುದನ್ನು ಪರೀಕ್ಷಿಸಿ ಒಂದು ನಕ್ಷೆ ಬರೆಯುತ್ತಾರೆ. ಇದಕ್ಕೆ ಆಡಿಯೋಗ್ರಾಂ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ 20ರಿಂದ 34 ಡೆಸಿಬೆಲ್‌ವರೆಗಿನ ನಷ್ಟವನ್ನು ಅಲ್ಪವೆಂದೂ, 35ರಿಂದ 49ರವರೆಗಿನದನ್ನು ಮಧ್ಯಮವೆಂದೂ, 65ಕ್ಕೆ ಮೇಲಿನದನ್ನು ತೀವ್ರವೆಂದೂ ವಿಂಗಡಿಸಿದೆ. ಅದೇ ವರದಿಯ ಪ್ರಕಾರ ಚಿಕಿತ್ಸೆಯೋ ಸಾಧನವೋ ಬೇಕಾದಷ್ಟು ಕಿವಿ ಮಂದವಾದವರು ಲೋಕದಲ್ಲಿ 43 ಕೋಟಿಗೂ ಹೆಚ್ಚು. ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಸಂಗತಿ. ಕಿವಿ ಮಂದವಾದವರು ತುಟಿ ನೋಡಿ ಮಾತು ತಿಳಿಯುತ್ತಾರೆ. ತಿಳಿಯುತ್ತಾರೆ ನಿಜ, ಆದರೆ ಪೂರ್ತಿಯಾಗಿ ಅಲ್ಲ. ಕನ್ನಡಿಯ ಮುಂದೆ ನಿಂತು, ಶಬ್ದ ಹೊರಡಿಸದೆ, ‘ಪಡಿ’, ‘ಬಡಿ’, ‘ಮಡಿ’ ಎಂದು ಹೇಳಿ ನೋಡಿರಿ. ಮೂರಕ್ಕೂ ತುಟಿ ಒಂದೇ ರೀತಿ ಅಲ್ಲಾಡುತ್ತದೆ. ಯಾವುದೆಂಬುದು ಸಂದರ್ಭದಿಂದ ತಿಳಿಯಬೇಕು, ಸಂದರ್ಭ ತಿಳಿಯಬೇಕಾದರೆ ಭಾಷೆ ಚೆನ್ನಾಗಿ ಬರಬೇಕು. ಪುಣೆಯಲ್ಲಿರುವ ನಮ್ಮ ಮಕ್ಕಳ ಪಾಡು ನೋಡಿರಿ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು. ಕಿವಿ ನೆಟ್ಟಗಿರುವವರಿಗೇ ಇದು ಕಷ್ಟ. ಕಿವಿ ಮಂದವಾದ ಹುಡುಗಿ ಇಷ್ಟೆಲ್ಲ ದಾಟಿ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆಂದರೆ ಅವಳ ಬುದ್ಧಿಯ ಬಗ್ಗೆ ಯಾರಿಗೂ ಸಂಶಯ ಬರಬೇಕಾಗಿಲ್ಲ.

ಗಿರಣಿಯ ಬಂಧುಗಳಿಗೆ ಈ ವಿದ್ಯೆ ಹೊಸದಲ್ಲ. ಮಗ್ಗದ ಖಾತೆಯಲ್ಲಿ ನಿಂತವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ? ಕೈಸನ್ನೆ, ಕಣ್ಣುಸನ್ನೆ, ತುಟಿಯ ಆಟ. ಇಂಗ್ಲೆಂಡಿನ ಲ್ಯಾಂಕಶೈರಿನ ನೇಕಾರ ಹೆಂಗಸರು ಮಗ್ಗಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತಾಡುತ್ತಿದ್ದರು. ಅದಕ್ಕೆ ಅಲ್ಲಿ ‘ಮೀ-ಮಾ’ ಎಂದು ಒಂದು ಹೆಸರೇ ಬಿದ್ದಿತ್ತು. ಪುಣೆ ಸ್ಟೇಶನ್ನಿನ ಬಳಿಯ ರಾಜಾ ಬಹಾದ್ದೂರ್ ಗಿರಣಿಯಲ್ಲಿ ಇಂದು ಮಗ್ಗ ತಿರುಗುವುದಿಲ್ಲ. ಆದರೆ ಸೊಲ್ಲಾಪುರ, ಇಚಲಕರಂಜಿಯ ಪವರ್‌ಲೂಮುಗಳಲ್ಲಿ ಆ ಗದ್ದಲ ಇನ್ನೂ ಇದೆ. ಕಿವಿ ಕೇಳದ ಜಾಗದಲ್ಲಿಯೂ ಕೆಲಸ ತಪ್ಪಿಲ್ಲದೆ ನಡೆಯುವಂತೆ ಮನುಷ್ಯ ವ್ಯವಸ್ಥೆ ಮಾಡಿಕೊಳ್ಳಬಲ್ಲ ಎಂಬುದಕ್ಕೆ ನಮ್ಮ ಗಿರಣಿಗಳೇ ಸಾಕ್ಷಿ.

ಈಗ ಆಸ್ಪತ್ರೆಗೆ ಬರೋಣ. ನರ್ಸಿಗೆ ಕಿವಿಯಿಂದ ಆಗಬೇಕಾದ ಕೆಲಸಗಳು ಯಾವುವು? ರಕ್ತದೊತ್ತಡ ನೋಡುವುದು, ಎದೆಯ ಸದ್ದು ಕೇಳುವುದು, ಯಂತ್ರಗಳ ಎಚ್ಚರಿಕೆಯ ಗಂಟೆ ಕೇಳುವುದು, ರೋಗಿಯ ಕರೆ ಕೇಳುವುದು, ಡಾಕ್ಟರ ಅಪ್ಪಣೆ ಕೇಳುವುದು, ಪಾಳಿ ಬದಲಾಗುವಾಗ ಹಿಂದಿನ ಪಾಳಿಯವರ ವರದಿ ಕೇಳುವುದು. ಒಂದೊಂದನ್ನೂ ನೋಡೋಣ.

ಕೈಗೆ ಪಟ್ಟಿ ಕಟ್ಟಿ, ಸ್ಟೆತಾಸ್ಕೋಪಿನಿಂದ ಸದ್ದು ಕೇಳಿ ರಕ್ತದೊತ್ತಡ ಅಳೆಯುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ಡಾಕ್ಟರು ತೋರಿಸಿಕೊಟ್ಟರು. ಇಂದು ತಾನೇ ಅಳೆದು ಅಂಕಿ ತೋರಿಸುವ ಯಂತ್ರಗಳು ಬಂದಿವೆ, ಅದಕ್ಕೆ ಕಿವಿ ಬೇಕಿಲ್ಲ. ನಾಡಿ ಬಹಳ ಕ್ಷೀಣವಾಗಿದ್ದಾಗ, ಇಲ್ಲವೆ ತಾಳ ತಪ್ಪಿದಾಗ ಆ ಯಂತ್ರ ತಪ್ಪು ಹೇಳಬಹುದು. ಆಗ ಸದ್ದನ್ನು ದೊಡ್ಡದು ಮಾಡುವ ಸ್ಟೆತಾಸ್ಕೋಪು ಬೇಕು, ಅದೂ ಸಿಗುತ್ತದೆ. ಎದೆಯ ಸದ್ದನ್ನು ನೇರವಾಗಿ ಕಿವಿಯ ಮಿಷನ್ನಿಗೆ ಕಳಿಸುವ ಬಗೆಯೂ ಇದೆ, ಮೊಬೈಲಿನ ಪರದೆಯ ಮೇಲೆ ಅಲೆಯಾಗಿ ತೋರಿಸುವ ಬಗೆಯೂ ಇದೆ. ಇವು ಸಾಮಾನ್ಯ ಸ್ಟೆತಾಸ್ಕೋಪಿಗಿಂತ ಬಹಳ ತುಟ್ಟಿ ಎಂಬುದು ನಿಜ. ಆದರೆ ತುಟ್ಟಿ ಎಂಬುದು ಬೇರೆ, ಅಸಾಧ್ಯ ಎಂಬುದು ಬೇರೆ.

ಯಂತ್ರಗಳ ಎಚ್ಚರಿಕೆಯ ಸದ್ದು ಹೆಚ್ಚಾಗಿ ಕೀಚು ದನಿಯದು. ಗದ್ದಲದಿಂದ ಕಿವಿ ಕೆಟ್ಟವರಿಗೆ ಮೊದಲು ಹೋಗುವುದು ಅದೇ ಕೀಚು ದನಿ. ಆದರೆ ಆ ಯಂತ್ರಗಳ ಮೇಲೆ ಕೆಂಪು, ಹಳದಿ ದೀಪಗಳೂ ಹೊತ್ತಿಕೊಳ್ಳುತ್ತವೆ. ಜೇಬಿನಲ್ಲಿಟ್ಟರೆ ನಡುಗಿ ತಿಳಿಸುವ ಉಪಕರಣಗಳೂ ಇವೆ. ರೋಗಿ ಗುಂಡಿ ಒತ್ತಿದರೆ ಕೋಣೆಯ ಬಾಗಿಲ ಮೇಲೆ ದೀಪ ಹತ್ತುವ ವ್ಯವಸ್ಥೆ ಅನೇಕ ಆಸ್ಪತ್ರೆಗಳಲ್ಲಿ ಮೊದಲಿನಿಂದಲೂ ಇದೆ. ಅದನ್ನು ಯಾರೂ ಕಿವುಡರಿಗಾಗಿ ಮಾಡಲಿಲ್ಲ, ಎಲ್ಲರಿಗೂ ಅನುಕೂಲವೆಂದು ಮಾಡಿದರು.

ಡಾಕ್ಟರ ಅಪ್ಪಣೆಯ ವಿಷಯ ಬಹಳ ಮುಖ್ಯ. ಫೋನಿನಲ್ಲಿ ಹೇಳಿದ ಔಷಧಿಯ ಪ್ರಮಾಣ ತಪ್ಪಾಗಿ ಕೇಳಿದರೆ ರೋಗಿಯ ಜೀವಕ್ಕೇ ಅಪಾಯ. ಇಂಗ್ಲಿಷಿನಲ್ಲಿ ‘ಫಿಫ್ಟೀನ್’ ಎಂದರೆ 15, ‘ಫಿಫ್ಟಿ’ ಎಂದರೆ 50. ಕಿವಿ ಚೆನ್ನಾಗಿರುವವರೂ ಇವೆರಡನ್ನು ಅದಲುಬದಲು ಕೇಳುತ್ತಾರೆ. ಅದಕ್ಕಾಗಿಯೇ ಒಳ್ಳೆಯ ಆಸ್ಪತ್ರೆಗಳಲ್ಲಿ ಒಂದು ಕಟ್ಟಳೆ ಇದೆ. ಬಾಯಿಮಾತಿನ ಅಪ್ಪಣೆಯನ್ನು ಕೇಳಿದವರು ಬರೆದುಕೊಳ್ಳಬೇಕು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು, ಡಾಕ್ಟರು ‘ಸರಿ’ ಎಂದ ಮೇಲೆಯೇ ಔಷಧಿ ಕೊಡಬೇಕು. ಹೋಟೆಲಿನ ಬಂಧುಗಳೇ, ಇದನ್ನು ನಿಮಗೆ ನಾವು ಹೇಳಿಕೊಡಬೇಕೇ? ಸಪ್ಲೈಯರ್ “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗಿದರೆ ಒಳಗಿನಿಂದ ಭಟ್ಟರು ಅದನ್ನೇ ತಿರುಗಿ ಕೂಗುತ್ತಾರೆ. ಯಾರ ಕಿವಿಯ ಮೇಲೂ ಪೂರ್ತಿ ಭರವಸೆ ಇಡಬಾರದು ಎಂಬುದು ಅಡಿಗೆಮನೆ ಕಲಿಸಿದ ಪಾಠ. ಆಸ್ಪತ್ರೆಯೂ ಇದನ್ನೇ ಕಲಿತಿದೆ. ಕಿವಿ ಮಂದವಾದ ನರ್ಸಿಗಾಗಿ ಈ ಕಟ್ಟಳೆಯನ್ನು ಬಿಗಿಮಾಡಿದರೆ ಲಾಭ ಪ್ರತಿಯೊಬ್ಬ ರೋಗಿಗೂ ಆಗುತ್ತದೆ.

ಇಂದು ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಸೌಲಭ್ಯ ಮೊಬೈಲುಗಳಲ್ಲಿದೆ, ಕನ್ನಡ ಮರಾಠಿಗಳಲ್ಲಿಯೂ ಇದೆ. ಪಾಠ ಕೇಳುವಾಗ, ವರದಿ ಕೇಳುವಾಗ ಅದು ದೊಡ್ಡ ಆಧಾರ. ಆದರೆ ಔಷಧಿಯ ಹೆಸರನ್ನು ಅದು ತಪ್ಪಾಗಿ ಬರೆಯಬಹುದು. ಆದುದರಿಂದ ಔಷಧಿಯ ವಿಷಯದಲ್ಲಿ ಕಾಗದದ ಮೇಲಿನ ಬರಹವೊಂದೇ ಪ್ರಮಾಣ.

ಎಲ್ಲವೂ ಸುಲಭವೆಂದು ಹೇಳಿ ನಾವು ನಿಮ್ಮನ್ನು ಮೋಸಗೊಳಿಸುವುದಿಲ್ಲ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಎಲ್ಲರ ಬಾಯಿಯೂ ಮಾಸ್ಕಿನಿಂದ ಮುಚ್ಚಿರುತ್ತದೆ, ತುಟಿ ಕಾಣುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಲೋಕವೆಲ್ಲ ಮಾಸ್ಕ್ ಹಾಕಿದಾಗ ಕಿವಿ ಮಂದವಾದವರು ಎಷ್ಟು ಕಷ್ಟಪಟ್ಟರೆಂಬುದು ಅವರಿಗೇ ಗೊತ್ತು. ತುಟಿ ಕಾಣುವ ಪಾರದರ್ಶಕ ಮಾಸ್ಕುಗಳು ಇವೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಆದುದರಿಂದ ಯಾವ ಕೆಲಸ, ಯಾವ ವಾರ್ಡು ಎಂಬುದನ್ನು ಪ್ರತಿಯೊಬ್ಬರ ಕಿವಿಯ ಸ್ಥಿತಿ ನೋಡಿ ನಿರ್ಧರಿಸಬೇಕಾಗುತ್ತದೆ. ಲಸಿಕೆ ಹಾಕುವುದು, ಹೊರರೋಗಿ ವಿಭಾಗ, ಗಾಯಕ್ಕೆ ಪಟ್ಟಿ ಕಟ್ಟುವುದು, ಸೋಂಕು ತಡೆಯುವ ಮೇಲ್ವಿಚಾರಣೆ, ಊರು ಕೇರಿಗಳ ಆರೋಗ್ಯ ಸೇವೆ, ಹೀಗೆ ನರ್ಸಿಂಗ್‌ನಲ್ಲಿ ಕೆಲಸದ ಬಗೆ ಒಂದಲ್ಲ ಹತ್ತಿವೆ. ಒಂದು ಕೋಣೆಯ ಕೆಲಸ ಕಷ್ಟವೆಂದು ಇಡೀ ಮನೆಯ ಬಾಗಿಲನ್ನೇ ಹಾಕುವುದು ನ್ಯಾಯವಲ್ಲ.

ಇನ್ನು ಕಣ್ಣು, ಕೈಗಳಿಂದ ಆಗುವ ಕೆಲಸ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ಬಗ್ಗೆಯೇ ಒಂದು ಅಧ್ಯಾಯವಿದೆ. ಬಾಯಿ ಒಣಗಿದೆಯೇ, ಉಗುರು ನೀಲಿಗಟ್ಟಿದೆಯೇ, ಮುಖ ಬಿಳಿಚಿದೆಯೇ, ಉಸಿರು ಮೇಲೆ ಮೇಲೆ ಬರುತ್ತಿದೆಯೇ ಎಂಬುದನ್ನೆಲ್ಲ ನೋಡುವುದು ಕಣ್ಣು. ಆಸ್ಪತ್ರೆಗೆ ಬರುವ ರೋಗಿಗಳಲ್ಲಿಯೂ ಕಿವುಡರಿದ್ದಾರೆ. ಅವರ ಕೈಸನ್ನೆಯ ಭಾಷೆ ಬಲ್ಲ ಒಬ್ಬ ನರ್ಸ್ ವಾರ್ಡಿನಲ್ಲಿದ್ದರೆ ಆ ರೋಗಿಗೆ ಎಷ್ಟು ಧೈರ್ಯ ಬರುತ್ತದೆಂದು ಯೋಚಿಸಿರಿ.

ಶುಶ್ರೂಷೆಯ ಬಾಗಿಲಲ್ಲಿ ನಿಂತು ‘ನೀನು ಯೋಗ್ಯಳಲ್ಲ’ ಎಂದು ಹೇಳುವುದು ಹೊಸದೇನಲ್ಲ. ನಾವು ನಿಂತಿರುವ ಈ ಪುಣೆಯ ಇತಿಹಾಸವನ್ನೇ ನೋಡಿರಿ. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ ಸಾವಿತ್ರಿಬಾಯಿ ಫುಲೆಯವರು ತಾವೇ ಪ್ಲೇಗಿಗೆ ತುತ್ತಾದರು. 1909ರಲ್ಲಿ ರಮಾಬಾಯಿ ರಾನಡೆ ಹಾಗೂ ಗೋಪಾಳ ಕೃಷ್ಣ ದೇವಧರರು ಪುಣೆಯಲ್ಲಿ ಸೇವಾಸದನವನ್ನು ಕಟ್ಟಿ, ಹೆಂಗಸರನ್ನು ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಕಳಿಸಿದರು. ಆಗ ಸಮಾಜ ಸುಮ್ಮನಿರಲಿಲ್ಲ. ಕುಲೀನ ಮನೆತನದ ವಿಧವೆಯರು ಪರರ ಮೈ ಮುಟ್ಟಬಹುದೇ ಎಂದು ಕೇಳಿತು. ಇಂದು ಹಾಗೆ ಕೇಳುವವರನ್ನು ನೋಡಿ ನಾವು ನಗುತ್ತೇವೆ. ಆದರೆ ಅಂದು ಆ ಮಾತು ಕಲ್ಲಿನ ಗೋಡೆಯ ಹಾಗೆ ನಿಂತಿತ್ತು.

ಕಿವಿಯ ಮಾತಿಗೆ ಬಂದರೆ, ಹೊರನಾಡಿನಲ್ಲಿ ನಡೆದ ಒಂದು ಮೊಕದ್ದಮೆ ಪ್ರಸಿದ್ಧವಾಗಿದೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಫ್ರಾನ್ಸಿಸ್ ಡೇವಿಸ್ ಎಂಬ ಹೆಂಗಸು ಕಿರಿಯ ದರ್ಜೆಯ ನರ್ಸಿನ ಲೈಸೆನ್ಸು ಪಡೆದಿದ್ದಳು. ಕಿವಿ ಬಹಳ ಮಂದ, ಮಿಷನ್ ಇದ್ದರೂ ತುಟಿ ನೋಡದೆ ಮಾತು ತಿಳಿಯುತ್ತಿರಲಿಲ್ಲ. ಹಿರಿಯ ದರ್ಜೆಯ ನರ್ಸಿಂಗ್ ಕಲಿಯಲು ಸೌತ್‌ಈಸ್ಟರ್ನ್ ಕಮ್ಯೂನಿಟಿ ಕಾಲೇಜಿಗೆ ಅರ್ಜಿ ಹಾಕಿದಳು. ರೋಗಿಗಳಿಗೆ ಅಪಾಯವೆಂದು ಕಾಲೇಜು ನಿರಾಕರಿಸಿತು. ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1979ರ ಜೂನ್ 11ರಂದು ನ್ಯಾಯಾಧೀಶರೆಲ್ಲ ಒಮ್ಮತದಿಂದ ಕಾಲೇಜಿನ ಪರವಾಗಿ ತೀರ್ಪು ಕೊಟ್ಟರು. ಡೇವಿಸ್ ಸೋತಳು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಅಮೆರಿಕದಲ್ಲಿ ಅಂಗವಿಕಲರ ಹಕ್ಕಿಗಾಗಿ ದೊಡ್ಡ ಕಾನೂನು ಬಂತು. 2013ರಲ್ಲಿ, ನೆಬ್ರಾಸ್ಕ ರಾಜ್ಯದಲ್ಲಿ ಡಾಕ್ಟರಿ ಓದುತ್ತಿದ್ದ ಕಿವುಡ ವಿದ್ಯಾರ್ಥಿಯೊಬ್ಬನ ಮೊಕದ್ದಮೆಯಲ್ಲಿ, ಅವನಿಗೆ ಬೇಕಾದ ಸಹಾಯ ಒದಗಿಸದ ಕಾಲೇಜು ತಾರತಮ್ಯ ಮಾಡಿದೆ ಎಂದು ತೀರ್ಮಾನವಾಯಿತು. ಆ ಮೊದಲ ತೀರ್ಪಿನಿಂದ ಈ ತೀರ್ಮಾನಕ್ಕೆ 34 ವರ್ಷ ಹಿಡಿಯಿತು. ಕೂಲಿಕಾರರ ಎಂಟು ತಾಸಿನ ಹಕ್ಕೂ ಒಂದೇ ದಿನದಲ್ಲಿ ಬಂದದ್ದಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಇನ್ನು ನಮ್ಮ ದೇಶದ ಕಾನೂನು. ಅಂಗವಿಕಲರ ಹಕ್ಕುಗಳ ಕಾನೂನು 2016ರಲ್ಲಿ ಪಾಸಾಗಿ 2017ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಮಾತಿನ ದನಿಯ ಮಟ್ಟದಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್ ನಷ್ಟವಾಗಿದ್ದರೆ ಕಿವುಡರೆಂದೂ, 60ರಿಂದ 70ರವರೆಗೆ ಆಗಿದ್ದರೆ ಮಂದ ಕಿವಿಯವರೆಂದೂ ಅದು ಹೇಳುತ್ತದೆ. ಸರಕಾರಿ ಹಾಗೂ ಸರಕಾರದ ನೆರವಿನ ಕಾಲೇಜುಗಳಲ್ಲಿ ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿರುವವರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಕಾದಿಡಬೇಕು. ಸರಕಾರಿ ನೌಕರಿಯಲ್ಲಿ ಶೇಕಡಾ 4, ಅದರಲ್ಲಿ 1 ಕಿವಿಯ ತೊಂದರೆಯವರಿಗೆ. ಅಂಗವಿಕಲರು ಉಳಿದವರ ಸಮಕ್ಕೆ ಕೆಲಸ ಮಾಡಲು ಬೇಕಾದ ತಕ್ಕಮಟ್ಟಿನ ಅನುಕೂಲ ಮಾಡಿಕೊಡಬೇಕು, ಆದರೆ ಅದು ಸಂಸ್ಥೆಯ ಮೇಲೆ ಮಿತಿಮೀರಿದ ಭಾರವಾಗಬಾರದು ಎಂಬುದೂ ಕಾನೂನಿನ ಮಾತೇ.

ಇಷ್ಟೆಲ್ಲ ಇದ್ದರೂ ಒಂದು ಸಂದು ಉಳಿದಿದೆ. 1947ರ ಕಾನೂನಿನಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನಿಯಮಗಳಲ್ಲಿ ಅಂಗವಿಕಲರ ಆ ಶೇಕಡಾ 5 ಸ್ಥಾನಗಳನ್ನು ಕಾಲಿನ ಊನ ಶೇಕಡಾ 40ರಿಂದ 50 ಇರುವವರಿಗೆ ಎಂದು ಬರೆಯಿತು. ಕಿವಿಯವರ ಹೆಸರು ಅದರಲ್ಲಿ ಇಲ್ಲ. ನಮ್ಮ ಸದಸ್ಯರ ಮಗಳ ಮಾತು ಇನ್ನೂ ವಿಚಿತ್ರ. ಅವಳ ನಷ್ಟ 50 ಡೆಸಿಬೆಲ್‌ನ ಸುತ್ತಮುತ್ತ ಇದೆ. 60 ಮುಟ್ಟದ ಕಾರಣ ಕಾನೂನಿನ ಲೆಕ್ಕದಲ್ಲಿ ಅವಳು ಅಂಗವಿಕಲಳಲ್ಲ. ಕಾಲೇಜಿನ ಲೆಕ್ಕದಲ್ಲಿ ಪೂರ್ತಿ ಆರೋಗ್ಯವಂತಳೂ ಅಲ್ಲ. ಮೀಸಲು ಸ್ಥಾನವೂ ಇಲ್ಲ, ಸಾಮಾನ್ಯ ಸ್ಥಾನವೂ ಇಲ್ಲ ಎಂದರೆ ಹುಡುಗಿ ಹೋಗುವುದೆಲ್ಲಿಗೆ? 2023ರಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ನರ್ಸಿಂಗ್ ಆಯೋಗದ ಹೊಸ ಕಾನೂನನ್ನು ಪಾಸು ಮಾಡಿದೆ. ನಿಯಮಗಳು ಬದಲಾಗುವ ಕಾಲ ಇದು. ಆದುದರಿಂದ ಹಳೆಯ ಮಾತು ನಂಬದೆ, ಆಯಾ ವರ್ಷದ ಪ್ರವೇಶ ಪುಸ್ತಿಕೆಯನ್ನು ತರಿಸಿ ಓದಿಸಬೇಕು.

ನಮಗೆ ಬಲ ಕೊಡುವ ಒಂದು ತೀರ್ಪೂ ಇದೆ. ಮಾತಿನ ತೊಂದರೆಯಿದ್ದ ವಿದ್ಯಾರ್ಥಿಯೊಬ್ಬನಿಗೆ ಎಂ.ಬಿ.ಬಿ.ಎಸ್. ಪ್ರವೇಶ ಸಿಗಲಿಲ್ಲ. ಮುಂಬಯಿ ಹೈಕೋರ್ಟಿನಿಂದ ಆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟು ಹೇಳಿದ್ದೇನೆಂದರೆ, ಅಂಗವೈಕಲ್ಯದ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಯಾರನ್ನೂ ಹೊರಗೆ ಹಾಕಬಾರದು; ಆ ವಿದ್ಯಾರ್ಥಿ ಈ ಓದನ್ನು ನಡೆಸಬಲ್ಲನೇ ಇಲ್ಲವೇ ಎಂಬುದನ್ನು ಪರೀಕ್ಷೆಯ ಮಂಡಳಿ ನೋಡಬೇಕು; ಇಲ್ಲವೆಂದರೆ ಕಾರಣ ಬರೆಯಬೇಕು. ಅದು ಡಾಕ್ಟರಿ ಓದಿನ ಮೊಕದ್ದಮೆ, ನರ್ಸಿಂಗ್‌ನದಲ್ಲ. ಆದರೆ ಡಾಕ್ಟರಿಗೆ ಸಲ್ಲುವ ನ್ಯಾಯ ನರ್ಸಿಗೆ ಏಕೆ ಸಲ್ಲಬಾರದು ಎಂದು ಕೇಳುವ ಅಧಿಕಾರ ನಮಗಿದೆ. ‘ಅನ್‌ಫಿಟ್’ ಎಂಬ ಒಂದೇ ಶಬ್ದ ಇನ್ನು ಸಾಲದು.

ಹಾಗಾದರೆ ತಂದೆತಾಯಿ ಮಾಡಬೇಕಾದದ್ದೇನು? ಮೊದಲನೆಯದು, ಹೊಸ ಆಡಿಯೋಗ್ರಾಂ ಮಾಡಿಸಿರಿ. ಮಿಷನ್ ಇಲ್ಲದೆ ಎಷ್ಟು ಕೇಳುತ್ತದೆ, ಮಿಷನ್ ಹಾಕಿಕೊಂಡರೆ ಎಷ್ಟು ಮಾತು ತಿಳಿಯುತ್ತದೆ ಎಂಬ ಎರಡೂ ಅದರಲ್ಲಿ ಬರಲಿ. ಎರಡನೆಯದು, ಕಿವಿ ಸೋರುತ್ತಿದ್ದರೆ ತಜ್ಞರಿಗೆ ತೋರಿಸಿರಿ. ಕಿವಿಯ ಪರದೆಯ ತೂತನ್ನು ಶಸ್ತ್ರಕ್ರಿಯೆಯಿಂದ ಮುಚ್ಚಬಹುದು, ಅನೇಕರಿಗೆ ಇದರಿಂದ ಕೇಳುವುದು ಸುಧಾರಿಸುತ್ತದೆ. ಬಿಸಿ ಎಣ್ಣೆ ಬಿಡುವ ಚಾಳಿಯನ್ನು ದಯವಿಟ್ಟು ಬಿಡಿರಿ. ಮೂರನೆಯದು, ನಷ್ಟ 60 ಡೆಸಿಬೆಲ್ ದಾಟಿದ್ದರೆ ಸಸೂನ್ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯಿಂದ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯಿರಿ. ಊರಿನ ಕಡೆ ಇರುವವರಿಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಕೆಲಸ ಮಾಡುತ್ತಿದೆ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ನಾಲ್ಕನೆಯದು, ಅರ್ಜಿಯ ಜೊತೆ ಒಂದು ಕಾಗದ ಬರೆಯಿರಿ. ನರ್ಸಿಂಗ್‌ನ ಯಾವ ಕೆಲಸವನ್ನು ಹುಡುಗಿ ಯಾವ ಸಾಧನದಿಂದ ಮಾಡುತ್ತಾಳೆ, ಕಾಲೇಜಿನಿಂದ ಏನು ಅನುಕೂಲ ಬೇಕು ಎಂಬುದು ಅದರಲ್ಲಿರಲಿ. ಮುಂದಿನ ಸಾಲಿನಲ್ಲಿ ಜಾಗ, ಪಾಠದ ಬರಹ, ಸದ್ದು ಹೆಚ್ಚಿಸುವ ಸ್ಟೆತಾಸ್ಕೋಪು ಬಳಸಲು ಅನುಮತಿ, ಇವು ದೊಡ್ಡ ಬೇಡಿಕೆಗಳಲ್ಲ. ಐದನೆಯದು, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ಕೈಯಲ್ಲಿ ಉಳಿಯುತ್ತದೆ. ಅನ್ಯಾಯವೆಂದು ಕಂಡರೆ ದೂರು ಕೊಡಲು ಮುಂಬಯಿಗೆ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ದಿವ್ಯಾಂಗ ಕಲ್ಯಾಣ ಆಯುಕ್ತರ ಕಚೇರಿ ಇದೇ ಪುಣೆಯಲ್ಲಿದೆ.

ಮುಚ್ಚಿಡಬಾರದು ಎಂದು ಏಕೆ ಹೇಳಿದೆವು? ತಾಯಿಯ ಭಯ ನಮಗೆ ಅರ್ಥವಾಗುತ್ತದೆ. ಹೇಳಿದರೆ ಬಾಗಿಲು ಹಾಕುತ್ತಾರೆ, ಹೇಳದಿದ್ದರೆ ಒಳಗೆ ಹೋಗಬಹುದು ಎಂಬುದು ಅವರ ಲೆಕ್ಕ. ಆದರೆ ಒಳಗೆ ಹೋದ ಮೇಲೆ? ಮುಚ್ಚಿಟ್ಟ ಹುಡುಗಿ “ಇನ್ನೊಮ್ಮೆ ಹೇಳಿ” ಎಂದು ಕೇಳಲಾರಳು. ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅರ್ಧ ಕೇಳಿ, ಅರ್ಧ ಊಹಿಸಿ ತಲೆಯಾಡಿಸುತ್ತಾಳೆ. ಅಂಗಡಿಯಲ್ಲಿ ಊಹೆ ತಪ್ಪಿದರೆ ಸಾಮಾನು ಬದಲಾಗುತ್ತದೆ. ಆಸ್ಪತ್ರೆಯಲ್ಲಿ ತಪ್ಪಿದರೆ ಮತ್ತೊಬ್ಬ ತಾಯಿಯ ಮಗು ಹೋಗುತ್ತದೆ. ಆ ಮಗು ನಮ್ಮಂಥ ಕೂಲಿಕಾರನದೇ ಆಗಿರಬಹುದು. ಕಿವಿ ಮಂದವೆಂದು ತಲೆಯೆತ್ತಿ ಹೇಳಿ, ಎರಡು ಸಲ ಕೇಳಿ, ಬರೆದುಕೊಂಡು, ಓದಿ ಹೇಳುವ ನರ್ಸಿನ ಕೈಯಲ್ಲಿ ರೋಗಿ ಸುರಕ್ಷಿತ. ಕಾಲೇಜುಗಳಿಗೂ ನಾವು ಇದನ್ನೇ ಹೇಳುತ್ತೇವೆ: ಸತ್ಯ ಹೇಳಿದವಳನ್ನು ಒಂದೇ ಶಬ್ದದಲ್ಲಿ ಹೊರಗೆ ಕಳಿಸಿದರೆ, ನಾಳೆ ಬರುವವರೆಲ್ಲ ಸುಳ್ಳು ಹೇಳಲು ಕಲಿಯುತ್ತಾರೆ. ರೋಗಿಯ ಹಿತಕ್ಕೆಂದು ಮಾಡಿದ ಕಟ್ಟಳೆ ರೋಗಿಗೇ ಕೇಡಾಗುತ್ತದೆ.

ಈಗಾಗಲೇ ನರ್ಸ್ ಆಗಿ ಕೆಲಸದಲ್ಲಿದ್ದು ನಡುವಯಸ್ಸಿನಲ್ಲಿ ಕಿವಿ ಮಂದವಾಗುವವರೂ ಇದ್ದಾರೆ. ಸರಕಾರಿ ಆಸ್ಪತ್ರೆಯಲ್ಲಿರುವ ತಾಯಂದಿರು ಒಂದು ಮಾತು ತಿಳಿದಿರಲಿ. 2016ರ ಕಾನೂನಿನ 20ನೆಯ ಕಲಮಿನ ಪ್ರಕಾರ, ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಪಗಾರದ ಬೇರೆ ಕೆಲಸ ಕೊಡಬೇಕು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಮುಂದಿನ ಕಲಮು ಹೇಳುತ್ತದೆ.

ಕೊನೆಯದಾಗಿ ನಮ್ಮ ಸ್ವಂತ ಕಿವಿಯ ಮಾತು. ಮಗಳ ಕಿವಿಯ ಬಗ್ಗೆ ನಾಚಿಕೆಪಡುವ ನಾವು ನಮ್ಮ ಕಿವಿಯನ್ನು ಎಂದಾದರೂ ಪರೀಕ್ಷಿಸಿಕೊಂಡಿದ್ದೇವೆಯೇ? ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗ್ಗಗಳ ನಡುವೆ ನಿಂತವರು ಅದನ್ನು ಎಂದೋ ದಾಟಿದ್ದಾರೆ. ಗದ್ದಲದಿಂದ ಬರುವ ಕಿವುಡು ಕಸುಬಿನ ರೋಗವೆಂದು 1948ರ ಕಾರಖಾನೆ ಕಾನೂನಿಗೆ 1987ರಲ್ಲಿ ಮಾಡಿದ ತಿದ್ದುಪಡಿಯಿಂದಲೇ ಒಪ್ಪಿಕೊಳ್ಳಲಾಗಿದೆ. ಹಾಗಿರುವಾಗ ಇದು ಮುಚ್ಚಿಡುವ ಕಳಂಕವಲ್ಲ, ಕೆಲಸದ ಗಾಯ. ನಾವು ನಮ್ಮ ಮಂದ ಕಿವಿಯನ್ನು ಒಪ್ಪಿಕೊಂಡರೆ ಮಕ್ಕಳಿಗೆ ತಮ್ಮದನ್ನು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ.

ಸಂಘದ ಪರವಾಗಿ ಮೂರು ಕೆಲಸಗಳನ್ನು ಹಮ್ಮಿಕೊಳ್ಳೋಣವೆಂದು ಸೂಚಿಸುತ್ತೇವೆ. ಕಿವಿ ಪರೀಕ್ಷೆಗೆ ಹೋಗುವ ಮಕ್ಕಳ ಜೊತೆಗೆ ಮರಾಠಿ, ಇಂಗ್ಲಿಷು ಬಲ್ಲ ಒಬ್ಬರನ್ನು ಕಳಿಸುವುದು. ಕಾಲೇಜಿಗೆ, ಆಯುಕ್ತರ ಕಚೇರಿಗೆ ಬರೆಯಬೇಕಾದ ಕಾಗದಗಳನ್ನು ಸಂಘದಲ್ಲಿಯೇ ಬರೆದುಕೊಡುವುದು. ಸದ್ದು ಹೆಚ್ಚಿಸುವ ಒಂದು ಸ್ಟೆತಾಸ್ಕೋಪನ್ನು ನಮ್ಮ ನಿಧಿಯಿಂದ ಕೊಂಡು, ಬೇಕಾದ ವಿದ್ಯಾರ್ಥಿನಿಗೆ ಓದು ಮುಗಿಯುವ ತನಕ ಕೊಡುವುದು. ನಿಧಿಗೆ ತಲಾ ಎಷ್ಟು ಹಾಕಬೇಕೆಂಬುದನ್ನು ಸಭೆಯೇ ತೀರ್ಮಾನಿಸಲಿ. ನಮ್ಮ ಸದಸ್ಯರ ಮಗಳು ಈ ಸಲ ಮಿಷನ್ ಹಾಕಿಕೊಂಡೇ, ಆಡಿಯೋಗ್ರಾಂ ಕೈಯಲ್ಲಿ ಹಿಡಿದೇ ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಸ್ಥಾನ ಸಿಕ್ಕೇ ಸಿಗುತ್ತದೆಂದು ನಾವು ಆಣೆ ಮಾಡಲಾರೆವು. ಕಾರಣವಿಲ್ಲದೆ ತಿರುಗಿ ಕಳಿಸಿದರೆ ಅವಳು ಒಬ್ಬಳೇ ಮನೆಗೆ ಬರಬೇಕಾಗಿಲ್ಲ, ಸಂಘ ಅವಳ ಜೊತೆಗಿರುತ್ತದೆ ಎಂದು ಮಾತ್ರ ಮಾತು ಕೊಡಬಲ್ಲೆವು. ಈ ಮಾತನ್ನು ಉಳಿಸುವುದು ನಿಮ್ಮೆಲ್ಲರ ಕೈಯಲ್ಲಿದೆ.

 ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಹಿಂದಿನ ಸಾಲಿನಲ್ಲಿ ನಮ್ಮ ಮಾತು ಕೇಳಿಸದವರು ಮುಂದೆ ಬಂದು ಕುಳಿತುಕೊಳ್ಳಿರಿ, ಸಂಕೋಚ ಬೇಡ.